ತುದಿ ಮಡಿಸದ ರೋಲು

ನಮ್ಮ ದೊಡ್ಡಪ್ಪನ ಮನೆಯ ನಡುಮನೆಯಲ್ಲಿ, ಗುರುಗಳ ಪಟದ ಪಕ್ಕದ ಮೊಳೆಗೆ, ಕಟ್ಟು ಹಾಕಿಸಿದ ಒಂದು ಪೇಪರ್ ಕಟಿಂಗ್ ನೇತಾಡುತ್ತಿತ್ತು. ದಸರಾ ಮೆರವಣಿಗೆಯದು. ಅದರಲ್ಲಿ ಕಾಣುತ್ತಿದ್ದದ್ದು ಒಂದಿಷ್ಟು ಆಕಾಶ, ಒಂದು ಬಾವುಟ, ಒಂದು ಹಿತ್ತಾಳೆ ಕಳಸ, ಅಷ್ಟೆ. ಮನೆಗೆ ಯಾರೇ ಬರಲಿ, ಅವರ ಕೈಗೆ ಕಾಫಿ ಲೋಟ ಬಂದ ಕೂಡಲೇ ದೊಡ್ಡಪ್ಪ ಎದ್ದು ಹೋಗಿ ಆ ಪಟದ ಕೆಳಗಿನ ಬರೀ ಗೋಡೆಯನ್ನು ಬೆರಳಿಟ್ಟು ತೋರಿಸುತ್ತಿದ್ದರು. "ಇಲ್ಲಿ, ಕೆಳಗೆ ಇರೋನು ನಾನು" ಎನ್ನುತ್ತಿದ್ದರು. ಬಂದವರು ಸುಣ್ಣದ ಗೋಡೆಯನ್ನೇ ನೋಡಿ, "ಓಹೋ, ಹೌದಾ" ಎಂದು ಕಾಫಿ ಕುಡಿಯುತ್ತಿದ್ದರು.

ದೊಡ್ಡಪ್ಪನದು ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ವ್ಯಾಪಾರ. ವರ್ಷವಿಡೀ ಒದ್ದೆ ಗೋಣಿಯ ಮೇಲೆ ಎಲೆ ಜೋಡಿಸುತ್ತಾ ಕೂತಿರುತ್ತಿದ್ದ ಮನುಷ್ಯ, ವಿಜಯದಶಮಿಯ ದಿನ ಮಾತ್ರ ಬೇರೆಯೇ ಆಗಿಬಿಡುತ್ತಿದ್ದರು. ಬಿಳಿ ಅಂಗಿ, ಕಚ್ಚೆ, ತಲೆಗೆ ರುಮಾಲು, ಹಣೆ ತುಂಬ ವಿಭೂತಿ. ಅವತ್ತು ಅವರು ನಂದಿಧ್ವಜ ಹೊರುವವರು. ಮೆರವಣಿಗೆ ಶುರುವಾಗುವುದೇ ಅದರಿಂದ. ನಾಲ್ಕಾಳೆತ್ತರದ ಕೋಲು, ಮೈತುಂಬ ಹಿತ್ತಾಳೆ ಬಿಲ್ಲೆ ಮತ್ತು ಗೆಜ್ಜೆ, ತುದಿಯಲ್ಲಿ ಕಳಸ. ಸೊಂಟಕ್ಕೆ ಬಿಗಿದ ಬಟ್ಟೆಯ ಮಡಿಲಲ್ಲಿ ಅದರ ಬುಡ ನಿಲ್ಲಿಸಿಕೊಂಡು ಕರಡೆ ವಾದ್ಯದ ಸದ್ದಿಗೆ ಹೆಜ್ಜೆ ಹಾಕಬೇಕು. ಒಬ್ಬರೇ ಬಹಳ ದೂರ ಹೊರಲಾಗದು, ತಂಡದವರೆಲ್ಲ ಸರದಿಯ ಮೇಲೆ ಹೊರುತ್ತಾರೆ. ಹೊತ್ತವನ ಕಣ್ಣು ಮೇಲಿನ ಕಳಸದಿಂದ ಕದಲುವಂತಿಲ್ಲ. ಕದಲಿದರೆ ಕೋಲು ವಾಲುತ್ತದೆ.

ಕ್ಯಾಮೆರಾದವರೆಲ್ಲ ಬರುವುದು ಆನೆಗಾಗಿ. ನಂದಿಧ್ವಜ ಮುಂದೆ ಹಾದುಹೋಗುವಾಗ ಅವರಲ್ಲಿ ಅರ್ಧ ಜನ ಕಡಲೆಕಾಯಿ ಸುಲಿಯುತ್ತಿರುತ್ತಾರೆ. ಉಳಿದರ್ಧ ಜನ ಕೋಲಿನ ತುದಿ ತೆಗೆದು ಸುಮ್ಮನಾಗುತ್ತಾರೆ. ಹಾಗಾಗಿ ದೊಡ್ಡಪ್ಪ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮೆರವಣಿಗೆಯ ಮುಂದೆಯೇ ನಡೆದಿದ್ದರೂ, ಹೊತ್ತದ್ದಕ್ಕೆ ಸಾಕ್ಷಿ ಎಂದರೆ ಆ ಸುಣ್ಣದ ಗೋಡೆ ಮಾತ್ರ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಗಣೇಶನ ಹಬ್ಬ ಕಳೆದ ಮೇಲೆ ಅವರ ಮನೆಗೆ ಹೋಗಿದ್ದೆ. ದೊಡ್ಡಮ್ಮ ಅವರ ಮಂಡಿಗೆ ಎಣ್ಣೆ ನೀವುತ್ತಾ ಕೂತಿದ್ದರು.

"ಮಂಡಿ ಕೈಕೊಟ್ಬುಡ್ತು ಕಣವ್ವ" ಎಂದರು ದೊಡ್ಡಪ್ಪ. "ಇದೇ ಕೊನೇ ಸಲ. ಬರೋ ವರ್ಷದಿಂದ ಅಳಿಯ ಹೊರ್ತಾನೆ. ನೀನು ಅದ್ಯಾವುದೋ ಸ್ಟುಡಿಯೋಗೆ ಸೇರ್ಕಂಡಿದ್ದೀಯಲ್ಲ, ನಂದೊಂದು ಫೋಟೋ ತೆಗೀತೀಯಾ? ಕಾಲಿಂದ ಕಳಸದವರೆಗೂ ಬರಬೇಕು. ಮುಖಾನೂ ಬರಬೇಕು."

"ತೆಗೀದೆ ಏನು ದೊಡ್ಡಪ್ಪ, ಹತ್ತು ತೆಗೀತೀನಿ" ಎಂದೆ.

"ಹತ್ತು ಬ್ಯಾಡ. ಒಂದು ಸಾಕು. ಸರಿಯಾಗಿ ತೆಗಿ" ಎಂದರು. ಆಮೇಲೆ ಮಂಡಿ ನೋಡಿಕೊಳ್ಳುತ್ತಾ ನಕ್ಕು ಇನ್ನೊಂದು ಮಾತು ಹೇಳಿದರು. "ನಿಂಗೊಂದು ಗೊತ್ತಾ? ಅಂಬಾರಿ ಹೊತ್ಕಂಡು ಆನೆ ರಸ್ತೇಲಿ ಬರೋದನ್ನ ನಾನು ಇದುವರೆಗೂ ನೋಡೇ ಇಲ್ಲ. ಚಿಕ್ಕವನಿದ್ದಾಗ ಕರಡೆಯವರ ಹಿಂದೆ ಓಡ್ತಿದ್ದೆ. ಆಮೇಲೆ ಕೋಲು ಹಿಡಿದೆ. ತಿರುಗಿ ನೋಡಂಗಿಲ್ಲ. ಬನ್ನಿಮಂಟಪ ಮುಟ್ಟಿದ ಮೇಲೆ ಕೋಲು ಇಳಿಸಿ, ಬಿಚ್ಚಿ, ಮಠಕ್ಕೆ ತಲುಪಿಸೋ ಹೊತ್ಗೆ ಎಲ್ಲಾ ಮುಗಿದಿರ್ತದೆ."

ಇಡೀ ದೇಶ ಬಂದು ನೋಡುವುದನ್ನು ಅದರ ಮುಂದೆಯೇ ನಡೆದವರು ನೋಡಿಲ್ಲ. ನನಗೆ ನಗು ಬಂತು, ಪಾಪ ಎಂದೂ ಅನ್ನಿಸಿತು. ಫೋಟೋ ತೆಗೆದೇ ತೀರಬೇಕು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ನಾನು ಕೆಲಸಕ್ಕಿದ್ದ ಸ್ಟುಡಿಯೋದ ಯಜಮಾನರು ಹಳೇ ಕ್ರೈಸ್ತ ಮನೆತನದವರು. ಚರ್ಚಿನ ಮದುವೆ, ಮಕ್ಕಳ ಮೊದಲ ಪರಮಪ್ರಸಾದ, ಪಾಸ್‌ಪೋರ್ಟ್ ಫೋಟೋ, ಹೀಗೆ ನಡೆಯುತ್ತಿದ್ದ ಸಣ್ಣ ಅಂಗಡಿ. ಊರೆಲ್ಲ ಕಲರ್‌ಗೆ ತಿರುಗಿದ್ದರೂ ಅವರು ತಮ್ಮ ಕಪ್ಪು-ಬಿಳುಪಿನ ಡಾರ್ಕ್‌ರೂಮನ್ನು ಬಿಟ್ಟಿರಲಿಲ್ಲ. ಫಿಲ್ಮ್ ತೊಳೆಯುವ ಮುಂಚೆ ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಳ್ಳುತ್ತಿದ್ದರು. ಬೇರೆ ಸ್ಟುಡಿಯೋದವರು ಮುಗಿದ ರೋಲನ್ನು ಡಬ್ಬಿಯೊಳಕ್ಕೆ ಪೂರ್ತಿ ಸುತ್ತಿಬಿಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಎರಡು ಬೆರಳಷ್ಟು ತುದಿ ಹೊರಗೇ ಬಿಡಬೇಕು, ಕತ್ತಲಲ್ಲಿ ಎಳೆದು ತೆಗೆಯಲು ಸುಲಭ ಅಂತ. ಆದರೆ ಹೊಸ ರೋಲಿನ ತುದಿಯೂ ಹೊರಗೇ ಇರುತ್ತದಲ್ಲ, ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಮುಗಿದ ರೋಲಿನ ತುದಿಯನ್ನು ಎಲೆ ಮಡಿಸಿದ ಹಾಗೆ ಮಡಿಸಬೇಕು. ತುದಿ ಮಡಿಸಿದ್ದರೆ ಚಿತ್ರ ಇದೆ, ನೆಟ್ಟಗಿದ್ದರೆ ಖಾಲಿ. ನಾನು ಎಲೆ ವ್ಯಾಪಾರದ ಮನೆಯವಳು, ಮಡಿಸುವುದನ್ನು ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಮೆರವಣಿಗೆಯ ಹಿಂದಿನ ದಿನ ಯಜಮಾನರು ತಮ್ಮ ಹಳೇ ಕ್ಯಾಮೆರಾವನ್ನು ನನ್ನ ಕೊರಳಿಗೆ ತಾವೇ ಹಾಕಿದರು. ಜೊತೆಗೆ ನಾಲ್ಕು ರೋಲು.

"ಪಾಸ್ ಇಲ್ಲವಲ್ಲ ಸರ್, ತೆಗೆಯೋಕೆ ಬಿಡ್ತಾರಾ?" ಎಂದು ಕೇಳಿದೆ.

"ಹಗ್ಗ ದಾಟೋಕೆ ಪಾಸ್ ಬೇಕು ಕಣಮ್ಮ, ಫೋಟೋ ತೆಗೆಯೋಕಲ್ಲ" ಎಂದರು. "ರಸ್ತೇಲಿ ನಿಂತು ಎಲ್ಲರ ಕಣ್ಣಿಗೂ ಕಾಣೋದನ್ನ ನೀನು ತೆಗೀತೀಯ. ಅದಕ್ಕೆ ಯಾರ ಅಪ್ಪಣೆ? ಹಿಂದಕ್ಕೆ ಸರೀರಿ ಅಂತ ಪೊಲೀಸ್ನೋರು ಹೇಳಿದ್ರೆ ಸರಿ. ಅದು ಅವರ ಕೆಲಸ. ಆದ್ರೆ ರೋಲು ಕೊಡು ಅಂದ್ರೆ ಕೊಡಬೇಡ. ಅದು ನಿನ್ನ ಸೊತ್ತು."

"ಜೋರು ಮಾಡಿ ಕೇಳಿದ್ರೆ?"

"ಜೋರು ಮಾಡಿದ್ರೆ ಹೊಸ ರೋಲು ಕೊಡು" ಎಂದು ಮೀಸೆಯಡಿ ನಕ್ಕರು. "ನಾನು ಎಷ್ಟು ಸಲ ಕೊಟ್ಟಿದ್ದೀನೋ ಲೆಕ್ಕ ಇಲ್ಲ."

ಬೆಳಗ್ಗೆ ಎಂಟಕ್ಕೆಲ್ಲ ನಾನು ಸಯ್ಯಾಜಿರಾವ್ ರಸ್ತೆಯಲ್ಲಿ, ದೊಡ್ಡಾಸ್ಪತ್ರೆಯ ಎದುರು ಹಗ್ಗಕ್ಕೆ ಎದೆಯೊತ್ತಿ ನಿಂತಿದ್ದೆ. ಅಲ್ಲೇ ದೊಡ್ಡಪ್ಪನ ಸರದಿ ಎಂದು ಗೊತ್ತಾಗಿತ್ತು. ಜನವೋ ಜನ. ಮರದ ಕೊಂಬೆ, ಕಾಂಪೌಂಡು, ನೀರಿನ ಟ್ಯಾಂಕು, ಎಲ್ಲೆಲ್ಲಿ ಒಂದು ಪಾದ ನಿಲ್ಲಬಹುದೋ ಅಲ್ಲೆಲ್ಲ ಮನುಷ್ಯರು. ಪಕ್ಕದಲ್ಲಿ ನಿಂತ ಹೆಂಗಸೊಬ್ಬರು ಬುತ್ತಿ ಬಿಚ್ಚಿ ನನಗೂ ಚಿತ್ರಾನ್ನ ಕೊಟ್ಟರು. ಸುಮ್ಮನೆ ನಿಲ್ಲಲಾಗದೆ ಕೊಂಬೆಯ ಮೇಲಿದ್ದವರನ್ನೂ ಚಿತ್ರಾನ್ನದವರನ್ನೂ ತೆಗೆದೂ ತೆಗೆದೂ ಮೊದಲ ರೋಲು ಮುಗಿಸಿಬಿಟ್ಟೆ. ಸುತ್ತಿ, ತುದಿ ಮಡಿಸಿ, ಚೀಲಕ್ಕೆ ಹಾಕಿ ಎರಡನೆಯದನ್ನು ತುಂಬಿದೆ. ಚೀಲದಲ್ಲಿ ಇನ್ನೂ ಎರಡು ಹೊಸವು ಉಳಿದಿದ್ದವು.

ಮಧ್ಯಾಹ್ನದ ಬಿಸಿಲಿನಲ್ಲಿ ಕರಡೆಯ ಸದ್ದು ಕೇಳಿತು. ಮೊದಲು ಕಾಣಿಸಿದ್ದು ಕಳಸ. ಜನರ ತಲೆಗಳ ಮೇಲೆ ತೂಗುತ್ತಾ ತೂಗುತ್ತಾ ಬಂತು. ನನ್ನ ಮುಂದೆ ಹತ್ತು ಮಾರು ದೂರದಲ್ಲಿ ತಂಡ ನಿಂತಿತು, ಕೋಲು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ದಾಟಿತು. ದಾಟಿಸಿಕೊಂಡವರು ನಮ್ಮ ದೊಡ್ಡಪ್ಪ.

ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತಿದ್ದ ಮಂಡಿ ಅದೇನಾ ಅನ್ನಿಸಿತು. ಕರಡೆಯವರು ಬಿಗಿ ಹಿಡಿದು ಬಾರಿಸಿದರು. ದೊಡ್ಡಪ್ಪ ಕುಣಿದರು. ಮುಂದಕ್ಕೆ ಎರಡು ಹೆಜ್ಜೆ, ಹಿಂದಕ್ಕೊಂದು, ಒಂದು ಸುತ್ತು. ಗೆಜ್ಜೆ ಝಲ್ ಝಲ್ ಎನ್ನುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಮಾತ್ರ ಮೇಲೆ ಕಳಸದಲ್ಲೇ. ನನ್ನ ಮೈ ಜುಮ್ಮೆಂದಿತು. ನಮ್ಮ ದೊಡ್ಡಪ್ಪ ಇವರು, ನೋಡ್ರಪ್ಪ, ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ಒತ್ತಿದೆ. ಕಾಲಿಂದ ಕಳಸದವರೆಗೂ ಹಿಡಿಸಲು ಅಡ್ಡಕ್ಕಿದ್ದ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಮಂಡಿಯೂರಿ, ಒಂದಾದ ಮೇಲೊಂದು ಒಂಬತ್ತು ತೆಗೆದೆ. ತೆಗೆಯುತ್ತಿರುವಾಗಲೇ ಹಿಂದಿನಿಂದ ಜನ ನುಗ್ಗಿದರು. ಹಗ್ಗ ಬಾಗಿತು. ನನ್ನ ಒಂದು ಕಾಲು ಹಗ್ಗದ ಆಚೆಗೆ ಹೋಯಿತು. ನಮ್ಮ ಕಡೆಯ ಕಾನ್‌ಸ್ಟೇಬಲ್ ಲಾಠಿ ಎತ್ತಿಕೊಂಡು ಓಡಿ ಬಂದರು.

ಕೋಲು ಮುಂದೆ ಸಾಗಿದ ಮೇಲೆ ಅವರು ನೇರ ನನ್ನ ಬಳಿಗೇ ಬಂದು ಕ್ಯಾಮೆರಾದ ಪಟ್ಟಿ ಹಿಡಿದುಕೊಂಡರು.

"ಪಾಸ್ ಎಲ್ಲಮ್ಮ?"

"ಪಾಸ್ ಇಲ್ಲ. ಕಾಲು ಒಳಗೆ ಬಂದದ್ದು ತಪ್ಪು, ತಗೊಳ್ಳಿ, ಹಿಂದೆ ಸರಿದೆ" ಎಂದೆ.

"ಅದಲ್ಲ. ನಾನು ಲಾಠಿ ಎತ್ತಿದ್ದನ್ನ ತೆಗೆದ್ಯಲ್ಲ, ಆ ರೋಲು ಕೊಡು. ನಾಳೆ ಪೇಪರ್ನಲ್ಲಿ ಹಾಕ್ಸಿ ನನ್ನ ಕೆಲಸ ಕಳೀಬೇಕು ಅಂತಿದ್ದೀರಾ?"

"ನಾನು ತೆಗೆದದ್ದು ನಮ್ಮ ದೊಡ್ಡಪ್ಪನ್ನ ಸರ್. ನಿಮ್ಮನ್ನಲ್ಲ."

"ಎಲ್ಲರೂ ಹಂಗೇ ಅನ್ನೋದು. ತೆಗಿ ರೋಲು. ಇಲ್ಲಾಂದ್ರೆ ಕ್ಯಾಮೆರಾನೇ ತಗೊಂಡು ಹೋಯ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಇದು ರಸ್ತೆ ಸರ್, ನಿಮ್ಮ ಸ್ಟೇಷನ್ ಅಲ್ಲ. ಲಕ್ಷ ಜನ ನೋಡ್ತಿರೋದನ್ನ ನಾನೂ ನೋಡಿ ತೆಗೆದೆ. ರೋಲು ನನ್ನ ಸೊತ್ತು. ಕೇಳೋದಾದ್ರೆ ಬರಹದಲ್ಲಿ ಕೇಳಿ, ನಿಮ್ಮ ಸಾಹೇಬ್ರನ್ನ ಕರೀರಿ" ಎಂದೆ. ಚಿತ್ರಾನ್ನದ ಹೆಂಗಸು, "ಬುಟ್ಬುಡಿ ಸ್ವಾಮಿ, ಹುಡುಗಿ ಮನೇವ್ರ ಫೋಟೋ ತೆಗ್ದವ್ಳೆ" ಎಂದರು. ಕಾನ್‌ಸ್ಟೇಬಲ್ ಬಿಡಲಿಲ್ಲ. ಬೆಳಗಿನ ಜಾವದಿಂದ ಬಿಸಿಲಲ್ಲಿ ನಿಂತ ಮುಖ, ಒಣಗಿದ ತುಟಿ. ಬೆರಳು ಆಗಲೇ ಕ್ಯಾಮೆರಾದ ಹಿಂಬಾಗಿಲ ಚಿಲಕ ಹುಡುಕುತ್ತಿತ್ತು. ಅದು ತೆರೆದರೆ ದೊಡ್ಡಪ್ಪ ಬಿಸಿಲಿಗೆ ಹೋದರು, ಮತ್ತೆಂದೂ ಬಾರರು.

"ಇರಿ, ನಾನೇ ತೆಗೀತೀನಿ" ಎಂದು ಅವರಿಗೆ ಬೆನ್ನು ಮಾಡಿದೆ. ಗಡಿಬಿಡಿಯಲ್ಲಿ ರೋಲು ಸುತ್ತಿದೆ, ತೆಗೆದು ಚೀಲಕ್ಕೆ ಬಿಟ್ಟೆ, ಅದೇ ಚೀಲದಿಂದ ಹೊಸದೊಂದನ್ನು ಎತ್ತಿ ಅವರ ಕೈಗಿಟ್ಟೆ. ಅವರು ತುದಿ ಹಿಡಿದು ಸರ್‍ರನೆ ಎಳೆದರು. ಫಿಲ್ಮ್ ಮಾರುದ್ದ ಬಂದು ಅವರ ಬೂಟಿನ ಮೇಲೆ ಸುರುಳಿಯಾಗಿ ಬಿತ್ತು. ನಾನು ಮುಖ ಸಪ್ಪೆ ಮಾಡಿಕೊಂಡು ನಿಂತೆ. ಒಳಗೊಳಗೇ ಹಿಗ್ಗಿ ಹೀರೇಕಾಯಿ ಆಗಿದ್ದೆ.

ಈಗ ಕ್ಯಾಮೆರಾ ಡಿಜಿಟಲ್ ಆದ ಮೇಲೆ ಪೊಲೀಸರು ರೋಲು ಕೇಳುವುದಿಲ್ಲ, "ಡಿಲೀಟ್ ಮಾಡಿ" ಎನ್ನುತ್ತಾರೆ. ಸಭೆ, ಧರಣಿ, ಜಾತ್ರೆ, ಎಲ್ಲಿ ನಿಂತರೂ ಈ ಹತ್ತು ಹದಿನೈದು ವರ್ಷದಲ್ಲಿ ಎಷ್ಟು ಜನರ ಬಾಯಲ್ಲಿ ಆ ಮಾತು ಕೇಳಿದ್ದೇನೋ. ಹಿಂದಕ್ಕೆ ಸರಿಯಿರಿ ಎಂದರೆ ತಕ್ಷಣ ಸರಿಯುತ್ತೇನೆ. ಅಳಿಸಿ ಎಂದರೆ ಯಜಮಾನರ ಮಾತೇ ನನ್ನ ಬಾಯಲ್ಲೂ ಬರುತ್ತದೆ. ಆದರೆ ಅವತ್ತಿನ ಜಗಳದಷ್ಟು ಖುಷಿ ಮತ್ತೆಂದೂ ಸಿಕ್ಕಿಲ್ಲ.

ಅವತ್ತು, ಕೋಲು ಹಾದುಹೋಗಿ ಒಂದೂವರೆ ಗಂಟೆಯಾದ ಮೇಲೆ ಆನೆ ಬಂತು. ನಾನು ಚೀಲಕ್ಕೆ ಕೈಹಾಕಿ, ತುದಿ ನೆಟ್ಟಗಿದ್ದ ರೋಲು ಎತ್ತಿ ತುಂಬಿದೆ. ಚಿನ್ನದ ಅಂಬಾರಿಯ ಮೇಲೆ ಇಳಿಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಜನ ತಾಯಿಗೆ ಜೈಕಾರ ಹಾಕಿದರು, ಹೂವು ತೂರಿದರು. ಚಿತ್ರಾನ್ನದ ಹೆಂಗಸು ಅಳುತ್ತಾ ಕೈಮುಗಿದರು. ಆನೆ ತೀರ ಹತ್ತಿರ ಬರುವವರೆಗೂ ಕ್ಯಾಮೆರಾವನ್ನು ಮತ್ತೆ ಉದ್ದಕ್ಕೇ ಹಿಡಿದು ಕಾದು ಆಮೇಲೆ ಒತ್ತಲು ಶುರು ಮಾಡಿದೆ. ಸೊಂಡಿಲು, ದಂತ, ಅಂಬಾರಿ, ಮಾವುತನ ಕಾಲು. ಮೂವತ್ತಾರೂ ಖಾಲಿಯಾದದ್ದೇ ಗೊತ್ತಾಗಲಿಲ್ಲ. ಈ ಸಲ ಮರೆಯದೆ ತುದಿ ಮಡಿಸಿದೆ.

ಸಂಜೆ ಸ್ಟುಡಿಯೋಗೆ ಹಾರಿಕೊಂಡೇ ಬಂದೆ. ಯಜಮಾನರಿಗೆ ಕಾನ್‌ಸ್ಟೇಬಲ್ ಕಥೆಯನ್ನು ಅಭಿನಯ ಮಾಡಿ ತೋರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಚೀಲದಲ್ಲಿ ತುದಿ ಮಡಿಸಿದವು ಎರಡು, ಬೆಳಗಿನ ಜನ ಮತ್ತು ಆನೆ. ನೆಟ್ಟಗಿದ್ದದ್ದು ಒಂದು. "ಗಡಿಬಿಡೀಲಿ ಮಡಿಸೋಕೆ ಆಗ್ಲಿಲ್ಲ, ಇದೇ ದೊಡ್ಡಪ್ಪನ ರೋಲು" ಎಂದು ಅದನ್ನೇ ಮೊದಲು ಕೊಟ್ಟೆ. ಅವರು ಶಿಲುಬೆ ಗುರುತು ಎಳೆದುಕೊಂಡು ಒಳಗೆ ಹೋದರು. ನಾನು ಬಾಗಿಲ ಹೊರಗೆ ನಿಂತು ನಿಮಿಷ ಎಣಿಸಿದೆ.

ಹೊರಗೆ ಬಂದಾಗ ಅವರು ನಗುತ್ತಿರಲಿಲ್ಲ. ಕೈಯಲ್ಲಿದ್ದ ಫಿಲ್ಮನ್ನು ಬಲ್ಬಿಗೆ ಹಿಡಿದರು. ಗಾಜಿನ ಹಾಗೆ ಬರಿದು. ಮೂವತ್ತಾರರಲ್ಲಿ ಒಂದೂ ಇಲ್ಲ.

"ಇದು ಹೊಸಾದು ಕಣಮ್ಮ" ಎಂದರು.

ಹಾಗಾದರೆ ಆ ಮನುಷ್ಯನ ಬೂಟಿನ ಮೇಲೆ ಬಿದ್ದದ್ದು ದೊಡ್ಡಪ್ಪ. ಅಷ್ಟು ಜಗಳ ಆಡಿ, ಅಷ್ಟು ಜಾಣತನ ತೋರಿಸಿ, ನನ್ನ ಕೈಯಾರೆ ದೊಡ್ಡಪ್ಪನನ್ನು ಎತ್ತಿ ಕೊಟ್ಟುಬಿಟ್ಟಿದ್ದೆ. ಮುಂದಿನ ವರ್ಷ ಎನ್ನುವ ಹಾಗೂ ಇಲ್ಲ. ಸ್ಟೂಲಿನ ಮೇಲೆ ಕೂತು ನಾಚಿಕೆಯಿಲ್ಲದೆ ಗೋಳೋ ಎಂದು ಅತ್ತೆ. ಯಜಮಾನರು ಫಿಲ್ಮನ್ನು ಮೊಳೆಗೆ ನೇತುಹಾಕಿ ನನ್ನ ಕಡೆ ತಿರುಗಿದರು.

"ಕೊಟ್ಟಾಗ ಅದರ ತುದಿ ನೋಡಿದ್ಯಾ?"

"ನೆಟ್ಟಗಿತ್ತು. ಎಲ್ಲಾ ನೆಟ್ಟಗೇ ಇದ್ದವು. ಅದೇ ಆಗಿದ್ದು."

"ಆನೆ ರೋಲು ಕೊಡು" ಎಂದರು.

ಅದನ್ನು ತೊಳೆದು ತಂದಾಗ ಫಿಲ್ಮಿನ ಮೊದಲ ಒಂಬತ್ತು ಚಿತ್ರ ಮಸಿ ಬಳಿದ ಹಾಗಿದ್ದವು. ಉಳಿದವು ಸರಿಯಾಗಿದ್ದವು. "ದೊಡ್ಡಪ್ಪನ್ನ ತೆಗೆದದ್ದೂ ಒಂಬತ್ತೇ" ಎಂದೆ. ಯಜಮಾನರಿಗೂ ಗೊತ್ತಾಯಿತು. ಕಾನ್‌ಸ್ಟೇಬಲ್‌ಗೆ ಕೊಟ್ಟದ್ದು ನಿಜಕ್ಕೂ ಖಾಲಿ ರೋಲೇ. ದೊಡ್ಡಪ್ಪನ ರೋಲು ಮಡಿಸದೆ ಚೀಲದಲ್ಲಿತ್ತು. ಹೊಸದೆಂದು ನಾನು ಅದನ್ನೇ ಮತ್ತೆ ತುಂಬಿ, ಅವರ ಮೇಲೆಯೇ ಆನೆಯನ್ನು ತೆಗೆದಿದ್ದೆ.

ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಇಬ್ಬರೂ ಒಂದೊಂದೇ ಪ್ರಿಂಟ್ ಹಾಕಿ ನೋಡಿದೆವು. ಮೊದಲನೆಯದರಲ್ಲಿ ಕೋಲು ಅಂಬಾರಿಯೊಳಗೆ ಸಿಕ್ಕಿಕೊಂಡಿತ್ತು. ಎರಡನೆಯದರಲ್ಲಿ ದೊಡ್ಡಪ್ಪನ ಮುಖದ ಮೇಲೆ ದಂತ. ಮೂರು, ನಾಲ್ಕು, ಐದು, ಆರು, ಎಲ್ಲ ಕಲಸುಮೇಲೋಗರ. ಏಳನೆಯ ಕಾಗದವನ್ನು ಔಷಧಿಯ ನೀರಿನಲ್ಲಿ ಅಲ್ಲಾಡಿಸುವಾಗ ಯಜಮಾನರು "ದೇವ್ರೇ" ಎಂದರು. ಆನೆಯ ಕಪ್ಪು ಮೈ ಇದ್ದ ಜಾಗದಲ್ಲಿ ದೊಡ್ಡಪ್ಪನ ಬಿಳಿ ಅಂಗಿ, ರುಮಾಲು, ಮೇಲೆ ನೋಡುವ ಮುಖ, ಸ್ಪಷ್ಟವಾಗಿ ನಿಂತಿದ್ದವು. ಅವರ ಬೆನ್ನಿಗೇ ಆನೆ. ಆಕಾಶದಲ್ಲಿ ತೆಳ್ಳಗೆ ಕೋಲು, ತುದಿಯಲ್ಲಿ ಕಳಸ, ಅದರ ಪಕ್ಕದಲ್ಲೇ ಅಂಬಾರಿ. ಕಾಲಿಂದ ಕಳಸದವರೆಗೂ ಎಲ್ಲ ಇತ್ತು. ನಾನು ಆ ಇಕ್ಕಟ್ಟಿನ ಕೋಣೆಯಲ್ಲಿ ಕುಣಿದು ಔಷಧಿಯ ತಟ್ಟೆಯೊಂದನ್ನು ಚೆಲ್ಲಿದೆ, ಅವರು ಬೈಯಲೂ ಇಲ್ಲ.

ಅಂಚಿನಲ್ಲಿ ನಮ್ಮ ಕಾನ್‌ಸ್ಟೇಬಲ್ ಕೂಡ ಇದ್ದರು. ಲಾಠಿಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಜನ ದೊಡ್ಡಪ್ಪನ ಮೇಲೆ ಬೀಳದಂತೆ ಬೆನ್ನು ಕೊಟ್ಟು ತಡೆಯುತ್ತಿದ್ದರು. ಯಾರನ್ನೂ ಹೊಡೆದಿರಲಿಲ್ಲ. ಪೇಪರಿನಲ್ಲಿ ಬಂದಿದ್ದರೆ ಅವರಿಗೆ ಶಹಬ್ಬಾಸ್ ಸಿಗುತ್ತಿತ್ತು. ಅವರನ್ನು ತೆಗೆದಿಲ್ಲ ಎಂದು ನಾನು ಆಣೆ ಮಾಡುವಷ್ಟು ಗಟ್ಟಿಯಾಗಿ ಹೇಳಿದ್ದೂ ಸುಳ್ಳಾಗಿತ್ತು. ಮುಂದಿನ ವರ್ಷ ಅದರ ಒಂದು ಪ್ರತಿ ಹಿಡಿದುಕೊಂಡು ಅದೇ ಜಾಗದಲ್ಲಿ ಹುಡುಕಿದೆ, ಅಲ್ಲಿ ಬೇರೆಯವರಿದ್ದರು.

ಯಜಮಾನರು ಎಲ್ಲ ಫೋಟೋದ ಹಿಂದೆಯೂ ಸ್ಟುಡಿಯೋದ ಸೀಲು ಒತ್ತುವವರು. ಇದರ ಹಿಂದೆ ಪೆನ್ನಿನಲ್ಲಿ ನನ್ನ ಹೆಸರು ಬರೆದರು. ನೆಗೆಟಿವ್ ಕೂಡ ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟರು.

"ಕ್ಯಾಮೆರಾ ನಿಮ್ಮದು, ರೋಲೂ ನಿಮ್ಮದು" ಎಂದೆ.

"ಒತ್ತಿದ ಬೆರಳು ನಿಂದು. ಚಿತ್ರಾನೂ ನಿಂದೇ" ಎಂದರು.

ಮಾರನೆಯ ಬೆಳಗ್ಗೆಯೇ ದೊಡ್ಡಪ್ಪನ ಮನೆಗೆ ಓಡಿದೆ. ಅವರು ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದರು. ಮೊದಲು ತಮ್ಮ ಪಾದದ ಮೇಲೆ ಬೆರಳಿಟ್ಟು, ಮಂಡಿ, ಸೊಂಟ, ಮುಖ ದಾಟಿ ನಿಧಾನವಾಗಿ ಕಳಸದವರೆಗೂ ತಂದರು. ಆಮೇಲೆ ಬೆರಳು ಪಕ್ಕಕ್ಕೆ ಸರಿದು ಅಂಬಾರಿಯ ಮೇಲೆ ನಿಂತಿತು. ದೊಡ್ಡಮ್ಮ ಅಡುಗೆಮನೆಯಿಂದ ಬಂದು ಅವರ ಭುಜದ ಹಿಂದೆ ಇಣುಕಿದರು.

"ಇಷ್ಟು ಹತ್ರ ಇತ್ತಾ, ನನ್ನ ಹಿಂದೆ?" ಎಂದರು ದೊಡ್ಡಪ್ಪ.

ಹೌದು ಎಂದುಬಿಡಬಹುದಿತ್ತು. ಆದರೆ ನನ್ನ ಹೆಸರಿನ ಮೊದಲ ಫೋಟೋ ಅದು, ಸುಳ್ಳು ಹೇಳಿ ಕೊಡಲು ಮನಸ್ಸಾಗಲಿಲ್ಲ. ರೋಲು, ತುದಿ, ಕಾನ್‌ಸ್ಟೇಬಲ್, ಎಲ್ಲವನ್ನೂ ಹೇಳಿದೆ. "ಆನೆ ನಿಮ್ಮ ಬೆನ್ನಿಗೇ ಇರಲಿಲ್ಲ ದೊಡ್ಡಪ್ಪ. ನೀವು ಹೋಗಿ ಒಂದೂವರೆ ಗಂಟೆ ಆದ್ಮೇಲೆ ಬಂತು. ಇದು ನನ್ನ ತಪ್ಪಿನಿಂದ ಹೀಗೆ ಬಂದದ್ದು" ಎಂದೆ.

ಅವರು ಎಲೆಯ ಕಟ್ಟು ಎಣಿಸುವಾಗಿನಷ್ಟೇ ಗಮನವಿಟ್ಟು ಕೇಳಿದರು.

"ಅದೇ ರಸ್ತೇಲಿ ತಾನೆ ಬಂದದ್ದು?"

"ಹೌದು."

"ನನ್ನ ಹಿಂದೆ ತಾನೆ?"

"ಹೌದು."

"ಮತ್ತೆ ತಪ್ಪೇನಾಯ್ತು ಕಣವ್ವ?" ಎಂದರು. ಎದ್ದು ಹೋಗಿ ಮೊಳೆಯಿಂದ ಹಳೇ ಕಟಿಂಗನ್ನು ತಾವೇ ಇಳಿಸಿದರು.

ಆ ವಾರವೇ ಕಟ್ಟು ಹಾಕಿಸಿದ ಹೊಸ ಫೋಟೋ ಅದೇ ಮೊಳೆಗೆ ಬಂತು. ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬರು ಮನೆಗೆ ಬಂದಿದ್ದರು, ನಾನೂ ಅಲ್ಲಿದ್ದೆ. ದೊಡ್ಡಮ್ಮ ಅವರ ಕೈಗೆ ಕಾಫಿ ಲೋಟ ಕೊಟ್ಟರು. ದೊಡ್ಡಪ್ಪ ಎಂದಿನಂತೆ ಎದ್ದು ಗೋಡೆಯ ಹತ್ತಿರ ಹೋಗಿ, ಎಷ್ಟೋ ವರ್ಷದ ರೂಢಿಯಲ್ಲಿ ಪಟದ ಕೆಳಗಿನ ಸುಣ್ಣಕ್ಕೆ ಬೆರಳು ಚಾಚಿದರು. ಅಲ್ಲಿಯೇ ತಡೆದರು. ಆಮೇಲೆ ಕೈಯನ್ನು ಮೇಲಕ್ಕೆತ್ತಿ ಗಾಜಿನ ಮೇಲೆ, ಬಿಳಿ ಅಂಗಿಯವನ ಎದೆಗೆ ಸರಿಯಾಗಿ, ಬೆರಳು ಇಟ್ಟರು.

"ಇಲ್ಲಿರೋನು ನಾನು" ಎಂದರು.